ಅಳಿಸಿದ್ದೇನೆ ಅಂತ ಹೇಳಿತು

ನಮ್ಮ ಮನೆಯ ಮರಿ ರೈಟ್ರು ಚಿಕ್ಕಪ್ಪನ ಮುಖಕ್ಕೆ ಹೊಡೆದ ಹಾಗೆ ಒಂದು ಮಾತು ಹೇಳಿದ್ದು ಮಾರ್ಚ್‌ನಲ್ಲಿ, ಕಾಫಿ ಗಿಡ ಹೂ ಬಿಡಲು ಬೇಕಾದ ಮೊದಲ ಹೂಮಳೆ ಬಿದ್ದ ಮಾರನೇ ದಿನ. ಆ ಮಾತನ್ನು ಅದರ ತಲೆಯಿಂದ ತೆಗೆಯಲು ನನಗೆ ಮೂರು ವಾರ ಹಿಡಿಯಿತು. ಮೂರು ವಾರ ಪೂರ್ತಿ ಅದನ್ನೇ ಮಾಡುತ್ತಾ ಕೂತಿದ್ದೆ ಅಂತಲ್ಲ. ಕೆಲಸ ಮುಗಿಯಿತು ಅಂದುಕೊಂಡು ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗಿದ್ದು ಐದು ಸಲ.

ಮರಿ ರೈಟ್ರು ಅಂದರೆ ಮನುಷ್ಯ ಅಲ್ಲ. ತೋಟದ ಕಡೆಯವರಿಗೆ ಗೊತ್ತಿರುತ್ತೆ, ಎಸ್ಟೇಟಿನಲ್ಲಿ ಚೆಕ್‌ರೋಲ್ ಬರೆಯುವವರನ್ನು ನಾವು ರೈಟ್ರು ಅಂತೀವಿ. ಯಾರು ಕೆಲಸಕ್ಕೆ ಬಂದರು, ಯಾರು ಎಷ್ಟು ಹಣ್ಣು ಕೊಯ್ದರು, ಯಾರಿಗೆ ಎಷ್ಟು ಅಡ್ವಾನ್ಸ್ ಹೋಗಿದೆ, ಎಲ್ಲ ಅವರ ಪುಸ್ತಕದಲ್ಲಿ. ನಮ್ಮದು ಆಲ್ದೂರಿನಿಂದ ಸ್ವಲ್ಪ ಒಳಗೆ, ದೊಡ್ಡ ಎಸ್ಟೇಟ್ ಏನಲ್ಲ, ಆದರೂ ಒಬ್ಬರು ರೈಟ್ರು ಇದ್ದಾರೆ. ನಾನು ಹೋದ ವರ್ಷ ಟೆಲಿಗ್ರಾಮ್‌ನಲ್ಲಿ ಒಂದು ಬಾಟ್ ಮಾಡಿ ಮನೆಯ ಗುಂಪಿಗೆ ಸೇರಿಸಿದೆ. ಅಮ್ಮ ಅದರ ಹತ್ತಿರ ಮಾತಾಡಿದರೆ ಅದು ನೆನಪಿಟ್ಟುಕೊಳ್ಳುತ್ತೆ, ಕೇಳಿದರೆ ಹೇಳುತ್ತೆ. ಗಿಡಕ್ಕೆ ಬೋರ್ಡೋ ಔಷಧಿ ಹೊಡೆದದ್ದು ಯಾವತ್ತು, ಜೀಪಿನ ಎಫ್‌ಸಿ ಯಾವಾಗ ಮುಗಿಯುತ್ತೆ, ಗೊಬ್ಬರದ ಅಂಗಡಿಗೆ ಎಷ್ಟು ಬಾಕಿ, ಇಂಥವು. ಅಮ್ಮನೇ ಅದಕ್ಕೆ ಮರಿ ರೈಟ್ರು ಅಂತ ಹೆಸರಿಟ್ಟರು. ದೊಡ್ಡ ರೈಟ್ರಿಗೆ ಈ ಹೆಸರು ಅಷ್ಟು ಇಷ್ಟವಾಗಲಿಲ್ಲ, ಅದು ಬೇರೆ ಕಥೆ.

ಆವತ್ತು ಏನಾಯ್ತು ಅಂದರೆ, ಚಿಕ್ಕಪ್ಪ ಬೆಳಿಗ್ಗೆ ಕಾಫಿಗೆ ಬಂದರು. ಹೂಮಳೆ ಬಿದ್ದ ಮಾರನೇ ದಿನ ನಮ್ಮ ಕಡೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ನಿಮ್ಮಲ್ಲಿ ಎಷ್ಟು ಸೆಂಟ್? ಮಿಲಿಮೀಟರಿನಲ್ಲಿ ಯಾರೂ ಹೇಳುವುದಿಲ್ಲ. ನೂರು ಸೆಂಟ್ ಅಂದರೆ ಒಂದು ಇಂಚು ಮಳೆ. ಚಿಕ್ಕಪ್ಪ ತಮ್ಮ ಫೋನಿನಿಂದ ಗುಂಪಿನಲ್ಲೇ ಮರಿ ರೈಟ್ರನ್ನು ಕೇಳಿದರು. 78 ಸೆಂಟ್ ಅಂತ ಬಂತು. ಖುಷಿಯಾಗಿ ಇನ್ನೊಂದು ಕೇಳಿದರು, ಅತ್ತಿಗೆ ಮೆಣಸು ಏನು ರೇಟಿಗೆ ಕೊಟ್ರು ಅಂತ.

"ಕ್ಷಮಿಸಿ, ಮೆಣಸು ಮಾರಿದ ರೇಟನ್ನು ಚಿಕ್ಕಪ್ಪನಿಗೆ ಹೇಳಬಾರದು ಎಂದು ಅಮ್ಮ ತಿಳಿಸಿದ್ದಾರೆ."

ಅಮ್ಮ ಅಲ್ಲೇ ಅಕ್ಕಿ ರೊಟ್ಟಿ ತಟ್ಟುತ್ತಿದ್ದರು. ಚಿಕ್ಕಪ್ಪ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ "ಆಯ್ತು ಬಿಡಿ ಅತ್ತಿಗೆ" ಅಂದರು. ಅಷ್ಟೇ. ರೊಟ್ಟಿ ಒಂದೇ ತಿಂದರು.

ಅಮ್ಮ ಹಾಗೆ ಹೇಳಿದ್ದು ನಿಜ. ಯಾಕೆ ಹೇಳಿದ್ದರು ಅನ್ನುವುದೂ ಮುಖ್ಯ ಅಲ್ವಾ? ಚಿಕ್ಕಪ್ಪ ಹೋದ ವರ್ಷದ ಮೆಣಸನ್ನು ದೀಪಾವಳಿಗೆ ಮೊದಲೇ ಕೊಟ್ಟುಬಿಟ್ಟಿದ್ದರು. ನಾವು ಇಟ್ಟುಕೊಂಡು ಆಮೇಲೆ ಕೊಟ್ಟೆವು, ನಮಗೆ ಜಾಸ್ತಿ ಸಿಕ್ಕಿತು. ಅವರಿಗೆ ಗೊತ್ತಾದರೆ ಸುಮ್ನೆ ಹೊಟ್ಟೆಯೊಳಗೆ ಇಟ್ಟುಕೊಂಡು ಕೊರಗುತ್ತಾರೆ, ಬೇಡ ಅಂತ ಅಮ್ಮನ ಲೆಕ್ಕ. ಅಮ್ಮ ಇದನ್ನೆಲ್ಲ ಎರಡು ನಿಮಿಷದ ವಾಯ್ಸ್ ಮೆಸೇಜಿನಲ್ಲಿ ಹೇಳಿದ್ದರು. ಮರಿ ರೈಟ್ರು ಅದರಿಂದ ಒಂದು ಸಾಲು ಮಾತ್ರ ಎತ್ತಿ ಇಟ್ಟುಕೊಂಡಿತ್ತು. ಕನಿಕರ ಹೋಗಿ ಆದೇಶ ಉಳಿದಿತ್ತು.

"ಅದನ್ನ ಮರೆತುಬಿಡು ಅಂತ ಹೇಳೋ ಅದಕ್ಕೆ" ಅಂದರು ಅಮ್ಮ, ಚಿಕ್ಕಪ್ಪನ ಬೈಕ್ ಗೇಟ್ ದಾಟಿದ ಮೇಲೆ. ನಾನು ಹೇಳಿದೆ. "ಆಯ್ತು, ಆ ಮಾಹಿತಿಯನ್ನು ಅಳಿಸಿದ್ದೇನೆ" ಅಂತ ಉತ್ತರ ಬಂತು.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ಈ ಬಾಟ್‌ಗಳಿಗೆ ನಿಜವಾಗಿ ನೆನಪು ಅಂತ ಇರುವುದಿಲ್ಲ. ಹಿಂದೆ ಇರುವ ಮಾಡೆಲ್‌ಗೆ, ಅಂದರೆ ಉತ್ತರ ಬರೆಯುವ ಎಐಗೆ, ನಾವು ನಿನ್ನೆ ಹೇಳಿದ್ದು ಇವತ್ತು ಗೊತ್ತಿರುವುದಿಲ್ಲ. ನಾವು ಏನಾದರೂ ಕೇಳಿದಾಗ, ನಾನು ಬರೆದ ಪ್ರೋಗ್ರಾಮ್ ಒಂದು ಡೇಟಾಬೇಸಿನಿಂದ ಸಂಬಂಧ ಇರುವ ನಾಲ್ಕೈದು ಸಾಲು ಹುಡುಕಿ ತಂದು ಪ್ರಶ್ನೆಯ ಮೇಲೆ ಅಂಟಿಸಿ ಮಾಡೆಲ್‌ಗೆ ಕಳಿಸುತ್ತೆ. ಪ್ರತಿ ಸಲವೂ ಹೊಸಬರಿಗೆ ಚೀಟಿ ಬರೆದು ಕೊಟ್ಟ ಹಾಗೆ. ಆ ಚೀಟಿಗಳನ್ನು ಬರೆಯುವುದು, ಹುಡುಕುವುದು, ಹರಿಯುವುದು ಇದಕ್ಕೆಲ್ಲ ಟೂಲ್ ಅಂತ ಕೊಟ್ಟಿರುತ್ತೇವೆ. ಮಾಡೆಲ್ "ಈ ಟೂಲ್ ನಡೆಸು" ಅಂತ ಕೇಳುತ್ತೆ ಅಷ್ಟೇ, ಮುಟ್ಟುವುದು ನಮ್ಮ ಪ್ರೋಗ್ರಾಮ್. ಎಐ ಕಂಪನಿ ಆಂತ್ರೋಪಿಕ್‌ನವರ ಮೆಮೊರಿ ಟೂಲ್ ಕೂಡ ಹೀಗೇ. ಅದರಲ್ಲಿ ನೆನಪು ಅಂದರೆ ಒಂದು ಫೋಲ್ಡರಿನೊಳಗಿನ ಫೈಲುಗಳು. ನೋಡು, ಹೊಸದು ಬರೆ, ಬದಲಿಸು, ನಡುವೆ ಸೇರಿಸು, ಅಳಿಸು, ಹೆಸರು ಬದಲಿಸು, ಈ ಆರು ಆಜ್ಞೆ. ಆ ಫೈಲ್‌ಗಳು ಇರುವುದು ಟೂಲ್ ಬಳಸುವವರ ಕಡೆ, ಅಳಿಸುವ ಕೆಲಸವೂ ಅವರ ಕೋಡಿನದೇ. ಬಾಟ್‌ಗಳಿಗೆ ನೆನಪು ಕೊಡಲು ಲ್ಯಾಂಗ್‌ಮೆಮ್ ಅಂತ ಇನ್ನೊಂದು ಲೈಬ್ರರಿ ಇದೆ. ಅದರಲ್ಲಿ ಒಂದೇ ಟೂಲಿಗೆ ಸೇರಿಸು, ಬದಲಿಸು, ಅಳಿಸು ಅಂತ ಮೂರು ಕೆಲಸ, ಅಳಿಸಲು ಆ ನೆನಪಿನ ಐಡಿ ಕೊಡಬೇಕು.

ನನ್ನ ಮರಿ ರೈಟ್ರಿಗೆ ನಾನು ಕೊಟ್ಟಿದ್ದದ್ದು ಎರಡೇ ಟೂಲ್. ಉಳಿಸು ಮತ್ತು ಹುಡುಕು. ಅಳಿಸು ಅನ್ನುವುದು ಇರಲೇ ಇಲ್ಲ. ಎಲ್ಲಿ ಅಡ್ವಾನ್ಸ್ ಲೆಕ್ಕವನ್ನೆಲ್ಲ ಒರೆಸಿ ಹಾಕುತ್ತೋ ಅಂತ ಹೆದರಿ ನಾನೇ ಕೊಟ್ಟಿರಲಿಲ್ಲ, ಆಮೇಲೆ ಮರೆತಿದ್ದೆ.

ಹಾಗಾದರೆ ಅಳಿಸಿದ್ದೇನೆ ಅಂತ ಹೇಗೆ ಹೇಳಿತು? ಸುಮ್ನೆ ಹೇಳಿತು. "ಅಳಿಸು" ಅಂದವರಿಗೆ "ಅಳಿಸಿದ್ದೇನೆ" ಅನ್ನುವುದು ಮಾತಿನ ಲಕ್ಷಣ. ಮಾಡೆಲ್‌ಗೆ ಬರುವುದು ಮಾತು. ಅದು ಏನೇನು ಮಾಡಿತು ಅಂತ ಬರೆದಿಡುವ ಲಾಗ್ ತೆಗೆದು ನೋಡಿದರೆ ಇನ್ನೂ ಚೆಂದ, ಅದು ಕೈಯಲ್ಲಿದ್ದ ಟೂಲನ್ನೇ ಬಳಸಿ ಒಂದು ಹೊಸ ಸಾಲು ಉಳಿಸಿತ್ತು. "ಮೆಣಸಿನ ರೇಟನ್ನು ಚಿಕ್ಕಪ್ಪನಿಗೆ ಹೇಳಬಾರದು ಎಂಬ ವಿಷಯವನ್ನು ಮರೆಯಬೇಕೆಂದು ಅಮ್ಮ ಬಯಸುತ್ತಾರೆ." ಮೊದಲು ಒಂದು ಸಾಲಿತ್ತು, ಈಗ ಎರಡಾಯಿತು.

ಸರಿ, ಅಳಿಸು ಟೂಲ್ ಬರೆದೆ. ಐಡಿ ಕೊಟ್ಟರೆ ಆ ಸಾಲು ಹೋಗುತ್ತೆ. ಹತ್ತು ನಿಮಿಷದ ಕೆಲಸ. ಮರಿ ರೈಟ್ರು ಟೂಲ್ ಕರೆಯಿತು, ಟೂಲ್ "ಆಯ್ತು" ಅಂತ ಹೇಳಿತು, ನಾನು ಎದ್ದು ಪಲ್ಪರ್ ಮನೆ ಹತ್ತಿರ ಪೈಪ್ ಸೋರುತ್ತಿದ್ದುದನ್ನು ನೋಡಲು ಹೋದೆ.

ನಾಲ್ಕು ದಿನ ಬಿಟ್ಟು ಅಮ್ಮ ಗೊಬ್ಬರದ ಅಂಗಡಿಯ ಬಾಕಿ ಕೇಳಿದರೆ ಮಾಹಿತಿ ಇಲ್ಲ ಅಂತು. ನೋಡಿದರೆ, ಹುಡುಕು ಟೂಲ್ ಐದು ಸಾಲುಗಳನ್ನು ತೋರಿಸುವಾಗ ಪಕ್ಕದಲ್ಲಿ 1, 2, 3 ಅಂತ ನಂಬರ್ ಹಾಕುತ್ತಿತ್ತು. ಅದು ನೋಡಲು ಚೆಂದ ಇರಲಿ ಅಂತ ನಾನು ಹಾಕಿದ್ದು. ಮೆಣಸಿನ ಸಾಲು ಪಟ್ಟಿಯಲ್ಲಿ ಮೂರನೆಯದು, ಅದರ ನಿಜವಾದ ಐಡಿ 214. ಮಾಡೆಲ್ 3 ಅಂತ ಕೊಟ್ಟಿತು. ಐಡಿ 3ರಲ್ಲಿ ಇದ್ದದ್ದು ಗೊಬ್ಬರದ ಬಾಕಿ. ಹೋಯಿತು. ಆಮೇಲೆ ನಾನು ಇನ್ನೊಂದು ಸಲ ಅಳಿಸು ಅಂತ ಹೇಳಿದ್ದೆ, ಆಗಲೂ 3 ಅಂತಲೇ ಕೊಟ್ಟಿದೆ. ಈ ಸಲ 3 ಅನ್ನುವ ಸಾಲೇ ಇಲ್ಲ. ಆದರೂ ನಾನು ಬಳಸುವ ಡೇಟಾಬೇಸ್ ಎಸ್‌ಕ್ಯೂಲೈಟ್ ಏನೂ ಅನ್ನುವುದಿಲ್ಲ, ಇಲ್ಲದ ಸಾಲನ್ನು ಅಳಿಸು ಅಂದರೆ ಅದರ ಪ್ರಕಾರ ತಪ್ಪೇ ಅಲ್ಲ, ಸೊನ್ನೆ ಸಾಲು ಅಳಿಸಿ ಸುಮ್ಮನಾಗುತ್ತೆ. ನನ್ನ ಟೂಲ್ ಆ ಸೊನ್ನೆಯನ್ನು ನೋಡದೆ "ಆಯ್ತು" ಅಂತ ಹೇಳಿತ್ತು. ಮಾಡೆಲನ್ನು ಬೈದುಕೊಂಡು ಪ್ರಯೋಜನ ಇಲ್ಲ. ಎರಡೂ ನನ್ನ ಕೋಡೇ.

ಈಗ ಟೂಲ್ ಹಾಗೆ ಹೇಳುವುದಿಲ್ಲ. ಎಷ್ಟು ಸಾಲು ಹೋಯಿತು, ಆ ಸಾಲಿನಲ್ಲಿ ಏನಿತ್ತು ಅಂತ ಪೂರ್ತಿ ಹಿಂತಿರುಗಿಸುತ್ತೆ. ಸೊನ್ನೆ ಆದರೆ ಸೊನ್ನೆ ಅಂತ ಹೇಳುತ್ತೆ. ಐಡಿಯನ್ನೂ ಉದ್ದದ ಗೊಜಲು ಅಕ್ಷರ ಮಾಡಿದೆ, ಊಹಿಸಿ ಹೊಡೆದರೆ ಯಾವುದಕ್ಕೂ ತಾಗಬಾರದು.

ಮೂರನೆಯದು ಭಾಷೆಯ ಪೇಚು. ಇದು ನಮ್ಮಂಥವರಿಗೆ ಜಾಸ್ತಿ ಬರುವ ಪೇಚು ಅನ್ನಿಸುತ್ತೆ.

ಅಮ್ಮ ಮಾತಾಡುವುದು ಕನ್ನಡದಲ್ಲಿ. ನಾನು ಆಫೀಸಿನ ಮಧ್ಯೆ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಕೆಲವು ಸಲ ಪೂರ್ತಿ ಇಂಗ್ಲಿಷ್. ಮರಿ ರೈಟ್ರು ನೆನಪಿನ ಸಾಲನ್ನು ಬರೆಯುವಾಗ ಅದರ ಮನಸ್ಸಿಗೆ ಬಂದ ಭಾಷೆಯಲ್ಲಿ ಬರೆದಿಟ್ಟಿದೆ. ಹಾಗಾಗಿ ಅದೇ ವಿಷಯ ಒಂದು ಕಡೆ "ಚಿಕ್ಕಪ್ಪ" ಅಂತಲೂ ಇನ್ನೊಂದು ಕಡೆ ಇಂಗ್ಲಿಷಿನಲ್ಲಿ "ಅಂಕಲ್" ಅಂತಲೂ ಇತ್ತು. ನಾನು ಚಿಕ್ಕಪ್ಪ ಅಂತ ಹುಡುಕಿ ಅಳಿಸಿದೆ, ಅಂಕಲ್ ಉಳಿದುಕೊಂಡ. ಎಂಬೆಡಿಂಗ್ ಇದೆಯಲ್ಲ, ಅರ್ಥ ನೋಡಿ ಹುಡುಕುತ್ತೆ ಅಲ್ವಾ ಅಂತ ಕೇಳಬಹುದು. ಹೌದು, ಸಾಲುಗಳನ್ನು ಸಂಖ್ಯೆಗಳ ಸರ ಮಾಡಿ ಇಡುತ್ತೆ, ಅರ್ಥ ಹತ್ತಿರ ಇದ್ದರೆ ಸಂಖ್ಯೆಗಳೂ ಹತ್ತಿರ. ಆದರೆ ಅದು ಅಂತರ ಅಳೆದು ಮೇಲಿನ ಐದನ್ನು ಮಾತ್ರ ಕೊಡುತ್ತೆ. ಆರನೆಯ ಜಾಗದಲ್ಲಿ ಇದ್ದದ್ದು ನಮ್ಮ ಅಂಕಲ್. ಉತ್ತರ ಕೊಡಲು ಹುಡುಕುವಾಗ ಮೇಲಿನ ಐದು ಸಿಕ್ಕರೆ ಸಾಕು. ಅಳಿಸಲು ಹುಡುಕುವಾಗ ಕೊನೆಯದೂ ಸಿಗಬೇಕು. ಒಂದೇ ಹುಡುಕು ಟೂಲನ್ನು ಎರಡಕ್ಕೂ ಬಳಸಿದ್ದು ನನ್ನ ದಡ್ಡತನ.

ಸಿಟ್ಟು ಬಂದು "ಅಂಕಲ್ ಅಂತ ಇರುವುದನ್ನೆಲ್ಲ ಅಳಿಸು" ಅಂತ ಹೇಳಲು ಹೋಗಿದ್ದೆ. ಬೆರಳು ತಡೆಯಿತು, ಮೊದಲು ಪಟ್ಟಿ ತೋರಿಸು ಅಂದೆ. ಹದಿನೇಳು ಸಾಲು. ನಮಗೆ ಬೇಕಾಗಿದ್ದು ಅದರಲ್ಲಿ ಎರಡು. ಉಳಿದದ್ದರಲ್ಲಿ ದೊಡ್ಡಪ್ಪನ ಬೋರ್‌ವೆಲ್ ಪಾಳಿ ಇತ್ತು, ಬೇಲೂರಿನ ಸೋದರಮಾವನ ಬ್ಲಡ್ ಗ್ರೂಪ್ ಇತ್ತು, ಡೀಸೆಲ್ ಕೊಡುವವರ ಲೆಕ್ಕವೂ ಇತ್ತು, ಅವರೂ ಅಂಕಲ್ಲೇ. ನಮ್ಮಲ್ಲಿ ಚಿಕ್ಕಪ್ಪ ಬೇರೆ, ದೊಡ್ಡಪ್ಪ ಬೇರೆ, ಮಾವ ಬೇರೆ. ಇಂಗ್ಲಿಷಿಗೆ ಹೋದ ಕೂಡಲೇ ಎಲ್ಲರೂ ಒಂದೇ ಕುರ್ಚಿಯಲ್ಲಿ ಕೂತುಬಿಡುತ್ತಾರೆ. ಅಳಿಸುವ ಮೊದಲು ಪಟ್ಟಿ ತೋರಿಸಿ, ಮನುಷ್ಯ ಹೂಂ ಅಂದ ಮೇಲೆ ಮುಟ್ಟಬೇಕು ಅನ್ನುವ ನಿಯಮ ಅವತ್ತೇ ಹಾಕಿದೆ. ಮಾಡೆಲ್‌ಗೆ ಹೇಳಿದ ನಿಯಮ ಅಲ್ಲ, ಅದು ಒಂದು ದಿನ ಪಾಲಿಸಿ ಒಂದು ದಿನ ಬಿಡುತ್ತೆ. ಕೋಡಿನಲ್ಲೇ ಗೇಟ್.

ಸೆಂಟಿನ ಕಥೆಯೂ ಈ ಪಟ್ಟಿ ನೋಡುವಾಗ ಸಿಕ್ಕಿದ್ದು. ಮಳೆ 78 ಸೆಂಟ್ ಅಂತ ಅಮ್ಮ ಹೇಳಿದ್ದನ್ನು ಒಂದು ಕಡೆ ಮಳೆ ಅಂತಲೇ ಬರೆದಿದೆ, ಇನ್ನೊಂದು ಕಡೆ "ಕುಟುಂಬಕ್ಕೆ 78 ಸೆಂಟ್ ಜಾಗ ಇದೆ" ಅಂತ ಬರೆದುಕೊಂಡಿದೆ! ಭೂಮಿಯ ಲೆಕ್ಕದಲ್ಲೂ ಸೆಂಟ್ ಇದೆ ನಿಜ, ನೂರು ಸೆಂಟ್ ಅಂದರೆ ಒಂದು ಎಕರೆ. ಅಪ್ಪನಿಗೆ ತೋರಿಸಿದೆ. ಪಹಣಿಯಲ್ಲೂ ಹತ್ತಿಸಿಬಿಡು ಅಂದರು.

ಎರಡೂ ಅಂಕಲ್ ಸಾಲು ಹೋದವು. ಹೊಸ ಚಾಟ್ ತೆರೆದು ಪರೀಕ್ಷೆ ಮಾಡಿದೆ. ಇದು ಮುಖ್ಯ, ಅಳಿಸಿದ ಚಾಟಿನಲ್ಲೇ ಪರೀಕ್ಷೆ ಮಾಡಬಾರದು. ಅಲ್ಲಿ ನೀವು ಅಳಿಸು ಅಂತ ಹೇಳಿದ ಮಾತು, ಟೂಲ್ ಹಿಂತಿರುಗಿಸಿದ ಸಾಲು ಎಲ್ಲ ಕಣ್ಣ ಮುಂದೆಯೇ ಇರುತ್ತೆ, ಮಾಡೆಲ್ ಅದನ್ನು ಓದಿಯೇ ಉತ್ತರ ಹೇಳುತ್ತೆ. ಹೊಸ ಚಾಟಿನಲ್ಲಿ ಕೇಳಿದರೆ "ಆ ಬಗ್ಗೆ ಮಾಹಿತಿ ಇಲ್ಲ". ಸಮಾಧಾನ ಆಯ್ತು. ರಾತ್ರಿ ಮಲಗಿದೆ.

ಬೆಳಿಗ್ಗೆ ನೋಡಿದರೆ ಮತ್ತೆ ಬಂದು ಕೂತಿದೆ. ಬೇರೆ ಐಡಿ, ಅದೇ ಮಾತು.

ರಾತ್ರಿ ಎರಡು ಗಂಟೆಗೆ ಒಂದು ಕೆಲಸ ನಡೆಯುತ್ತೆ, ನಾನೇ ಇಟ್ಟದ್ದು. ಹಗಲಿನಲ್ಲಿ ಮರಿ ರೈಟ್ರು ಉಳಿಸಲು ಮರೆತದ್ದು ಏನಾದರೂ ಇದ್ದರೆ, ಕಳೆದ ಮೂವತ್ತು ದಿನದ ಚಾಟನ್ನೆಲ್ಲ ಓದಿ ಮುಖ್ಯವಾದದ್ದನ್ನು ಹೆಕ್ಕಿ ನೆನಪಿಗೆ ಸೇರಿಸುವುದು. ಅಮ್ಮನ ಆ ವಾಯ್ಸ್ ಮೆಸೇಜ್ ಅಕ್ಷರ ರೂಪದಲ್ಲಿ ಹಳೆಯ ಚಾಟಿನಲ್ಲಿ ಹಾಗೇ ಇದೆ. ರಾತ್ರಿಯ ಕೆಲಸ ಅದನ್ನು ಓದಿತು, ಓಹೋ ಇದು ನೆನಪಿನಲ್ಲಿ ಇಲ್ಲವಲ್ಲ ಅಂತ ಪುನಃ ಎತ್ತಿಟ್ಟಿತು. ಪಾಪ, ಅದು ತನ್ನ ಕೆಲಸ ಸರಿಯಾಗಿಯೇ ಮಾಡಿದೆ.

ಅಪ್ಪನಿಗೆ ಇದನ್ನು ವಿವರಿಸುವುದು ಕಷ್ಟ ಆಗುತ್ತೆ ಅಂದುಕೊಂಡಿದ್ದೆ. ಅರ್ಧಕ್ಕೇ ಅರ್ಥ ಮಾಡಿಕೊಂಡರು. "ಬೋರರ್ ಗಿಡ ಕಿತ್ತು ಕಣದ ಹಿಂದೆ ರಾಶಿ ಹಾಕಿ ಬಿಟ್ಟಿದ್ದೀಯ ಬಿಡು" ಅಂದರು. ಬೋರರ್ ಅಂದರೆ ಬಿಳಿ ಕಾಂಡಕೊರಕ, ಅರೇಬಿಕಾ ಕಾಫಿಯ ಶತ್ರು. ಹುಳು ಕಾಂಡದ ಒಳಗೆ ಕೊರೆದುಕೊಂಡು ಹೋಗುತ್ತೆ, ಹೊರಗೆ ಉಬ್ಬಿದ ಗೆರೆ ಮಾತ್ರ ಕಾಣುತ್ತೆ. ಗುರುತು ಹಿಡಿದು ಬುಡ ಸಮೇತ ಕಿತ್ತು ಸುಡಬೇಕು. ಕಿತ್ತೆನಲ್ಲ ಅಂತ ರಾಶಿ ಹಾಕಿ ಬಿಟ್ಟರೆ, ಏಪ್ರಿಲ್ ಮೇ ಹೊತ್ತಿಗೆ ಆ ಒಣ ಕಾಂಡದಿಂದಲೇ ದುಂಬಿ ಹೊರಗೆ ಬಂದು ಪಕ್ಕದ ಒಳ್ಳೆ ಗಿಡಕ್ಕೆ ಮೊಟ್ಟೆ ಇಡುತ್ತೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಂದು ಸುತ್ತು. ಅಪ್ಪ ಮೂವತ್ತು ವರ್ಷದಿಂದ ಗೆರೆ ನೋಡಿಕೊಂಡು ಓಡಾಡಿದವರು. ಹಳೆಯ ಚಾಟ್ ಅಂದರೆ ಕಣದ ಹಿಂದಿನ ರಾಶಿ ಅಂತ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಚಾಟ್ ಬೇರೆ, ನೆನಪು ಬೇರೆ ಅನ್ನುವುದು ದೊಡ್ಡ ಕಂಪನಿಗಳ ಬಾಟ್‌ಗಳಿಗೂ ಅನ್ವಯಿಸುವ ಮಾತು, ತುಂಬಾ ಜನ ಇಲ್ಲಿ ಎಡವುತ್ತಾರೆ. ಚಾಟ್‌ಜಿಪಿಟಿಗೆ 2024ರಲ್ಲಿ ನೆನಪು ಬಂತು. ಅಲ್ಲಿ ಒಂದು ಚಾಟನ್ನು ಅಳಿಸಿದರೆ ಅದರಿಂದ ಉಳಿಸಿಕೊಂಡ ನೆನಪು ಹೋಗುವುದಿಲ್ಲ, ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಬೇರೆಯಾಗಿ ಅಳಿಸಬೇಕು. 2025ರಲ್ಲಿ ಹಳೆಯ ಚಾಟ್‌ಗಳನ್ನೂ ನೋಡಿ ಉತ್ತರ ಕೊಡುವ ಸೌಲಭ್ಯ ಸೇರಿಸಿದರು. ಅಲ್ಲಿಗೆ ತಿರುಗಾಮುರುಗಾ, ನೆನಪು ಮಾತ್ರ ಅಳಿಸಿ ಚಾಟ್ ಬಿಟ್ಟರೂ ಆಗುವುದಿಲ್ಲ. ಎರಡೂ ಕಡೆ ಅಳಿಸಬೇಕು.

ನಾನು ಮೊದಲು ಮಾಡಿದ ಮದ್ದು ನೆನೆಸಿಕೊಂಡರೆ ಈಗಲೂ ನಾಚಿಕೆ. "ಉಳಿಸಬಾರದ ವಿಷಯಗಳು" ಅಂತ ಒಂದು ಪಟ್ಟಿ ಮಾಡಿ, ಅದರಲ್ಲಿ "ಚಿಕ್ಕಪ್ಪನಿಗೆ ಮೆಣಸಿನ ರೇಟ್ ಹೇಳಬಾರದು ಅನ್ನುವ ವಿಷಯ" ಅಂತ ಬರೆದು, ಆ ಪಟ್ಟಿಯನ್ನು ಪ್ರತಿ ಪ್ರಶ್ನೆಯ ಜೊತೆ ಮಾಡೆಲ್‌ಗೆ ಹೋಗುವ ಹಾಗೆ ಮಾಡಿದೆ. ಅಂದರೆ ಮೊದಲು ಹುಡುಕಿದಾಗ ಮಾತ್ರ ಬರುತ್ತಿದ್ದ ಗುಟ್ಟು ಈಗ ಪ್ರತಿ ಸಲ ಅದರ ಮುಂದೆ! ಸಂಜೆ ಗ್ಯಾಸ್ ಬುಕ್ ಮಾಡಿದ ತಾರೀಕು ಕೇಳಿದರೆ, ತಾರೀಕು ಹೇಳಿ, ಮೆಣಸಿನ ರೇಟಿನ ವಿಷಯ ನಾನು ಉಳಿಸಿಲ್ಲ ಅಂತ ಸೇರಿಸಿತು. ಪುಣ್ಯಕ್ಕೆ ಕೇಳಿದ್ದು ನಾನು.

ಈಗ ಇರುವ ಏರ್ಪಾಡು ಹೀಗೆ. ನೆನಪಿನ ಪ್ರತಿ ಸಾಲಿನ ಜೊತೆ ಅದು ಯಾವ ಮೆಸೇಜಿನಿಂದ ಬಂತು ಅನ್ನುವ ಗುರುತು ಇರುತ್ತೆ. ಒಂದು ಸಾಲು ಅಳಿಸಿದರೆ, ಅದೇ ಮೆಸೇಜಿನಿಂದ ಹುಟ್ಟಿದ ಬೇರೆ ಸಾಲುಗಳೂ ಪಟ್ಟಿಗೆ ಬರುತ್ತವೆ, ಯಾವ ಭಾಷೆಯಲ್ಲಿದ್ದರೂ ಸರಿ. ಹುಟ್ಟಿದ ಜಾಗ ಒಂದೇ ಆದ್ದರಿಂದ ಅಂಕಲ್ ಅಂತ ಹೆಸರು ಬದಲಿಸಿಕೊಂಡು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮೂಲ ಮೆಸೇಜ್‌ಗೆ "ಇದನ್ನು ಓದಬೇಡ" ಅಂತ ಒಂದು ಗುರುತು ಬೀಳುತ್ತೆ, ರಾತ್ರಿಯ ಕೆಲಸ ಅದನ್ನು ದಾಟಿ ಹೋಗುತ್ತೆ. ಆ ಗುರುತಿನಲ್ಲಿ ಮೆಸೇಜಿನ ನಂಬರ್ ಬಿಟ್ಟರೆ ಬೇರೇನೂ ಇಲ್ಲ. ಏನನ್ನು ಮರೆಯಬೇಕು ಅಂತ ಬರೆದಿಟ್ಟುಕೊಳ್ಳದೆ ಮರೆಯುವುದಕ್ಕೆ ನನಗೆ ತೋಚಿದ ದಾರಿ ಇದೊಂದೇ.

ಇಷ್ಟಾದ ಮೇಲೂ ಐದನೇ ಸಲ ಬಂತು. ಉದ್ದ ಚಾಟ್‌ಗಳನ್ನು ಪ್ರತಿ ಸಲ ಪೂರ್ತಿ ಕಳಿಸಿದರೆ ದುಡ್ಡು ಜಾಸ್ತಿ ಆಗುತ್ತೆ ಅಂತ, ಹಳೆಯ ಭಾಗವನ್ನು ಸಾರಾಂಶ ಮಾಡಿ ಇಡುತ್ತಿದ್ದೆ. ಆ ಸಾರಾಂಶದ ನಡುವೆ ಅರ್ಧ ವಾಕ್ಯ ಕೂತಿತ್ತು, "ಸಂಬಂಧಿಕರಿಗೆ ಮಾರಾಟದ ವಿವರ ತಿಳಿಸುವುದರಲ್ಲಿ ಎಚ್ಚರ ವಹಿಸಲಾಗುತ್ತದೆ" ಅಂತ. ಚಿಕ್ಕಪ್ಪನ ಹೆಸರಿಲ್ಲ, ಮೆಣಸಿನ ಹೆಸರೂ ಇಲ್ಲ. ಆದರೆ ಅದರ ಫಲವಾಗಿ ಮರಿ ರೈಟ್ರು ಅತ್ತೆ ಕೇಳಿದ ಬಾಳೆಗೊನೆಯ ಲೆಕ್ಕಕ್ಕೂ ಮುಖ ಗಂಟು ಹಾಕಿಕೊಂಡಿತ್ತು. ಸಾರಾಂಶದಲ್ಲಿ ಕರಗಿಹೋದದ್ದನ್ನು ಹೆಕ್ಕಿ ತೆಗೆಯಲು ಆಗುವುದಿಲ್ಲ, ಕಷಾಯಕ್ಕೆ ಹಾಕಿದ ಶುಂಠಿಯ ಹಾಗೆ. ಸಾರಾಂಶವನ್ನೇ ಚೆಲ್ಲಿ, ಗುರುತು ಹಾಕಿದ ಮೆಸೇಜ್ ಬಿಟ್ಟು ಉಳಿದವುಗಳಿಂದ ಹೊಸದು ಮಾಡಿದೆ.

ಡಿಸ್ಕಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಎಸ್‌ಕ್ಯೂಲೈಟ್‌ನಲ್ಲಿ ಸಾಲು ಅಳಿಸಿದರೂ ಆ ಅಕ್ಷರಗಳು ಫೈಲಿನ ಖಾಲಿ ಪುಟಗಳಲ್ಲಿ ಉಳಿಯಬಹುದು, ವ್ಯಾಕ್ಯೂಮ್ ಅನ್ನುವ ಆಜ್ಞೆ ಕೊಟ್ಟರೆ ಫೈಲ್ ಹೊಸದಾಗಿ ಕಟ್ಟಿಕೊಳ್ಳುತ್ತೆ. ಎಂಬೆಡಿಂಗ್ ಇಟ್ಟಿದ್ದ ಟೇಬಲ್ ಬೇರೆ ಇತ್ತು, ಅದರಲ್ಲೂ ಸಾಲಿನ ಒಂದು ನಕಲು ಇತ್ತು, ಅದನ್ನೂ ಸೇರಿಸಿ ಅಳಿಸಬೇಕಾಯಿತು. ದೊಡ್ಡ ಮಟ್ಟದಲ್ಲಿ ಮಾಡುವವರಿಗೆ ಇದು ಇನ್ನೂ ತಲೆನೋವು. ಎಂಬೆಡಿಂಗ್‌ಗಳಲ್ಲಿ ಬೇಗ ಹುಡುಕಲು ಬಳಸುವ ಫೈಸ್ ಲೈಬ್ರರಿಯ ಎಚ್‌ಎನ್‌ಎಸ್‌ಡಬ್ಲ್ಯೂ ಸೂಚಿಯಂಥವುಗಳಿಂದ ಒಂದೇ ಒಂದನ್ನು ಕಿತ್ತು ತೆಗೆಯುವ ವ್ಯವಸ್ಥೆಯೇ ಇಲ್ಲ, ಪೂರ್ತಿ ಮತ್ತೆ ಕಟ್ಟಬೇಕು. ಆಮೇಲೆ ಲಾಗ್ ಫೈಲ್. ಆಮೇಲೆ ಭಾನುವಾರದ ಬ್ಯಾಕಪ್ ಇರುವ ಪೆನ್‌ಡ್ರೈವ್, ಅದು ಅಮ್ಮನ ಬೀರುವಿನಲ್ಲಿ ಸೀರೆಗಳ ಕೆಳಗೆ. ಪೆನ್‌ಡ್ರೈವಿನಲ್ಲಿ ನಾಲ್ಕು ವಾರದ ನಕಲು ಮಾತ್ರ ಇರುತ್ತೆ, ಹಳೆಯದು ತಾನಾಗಿ ಹೋಗುತ್ತೆ, ಅದಕ್ಕೆ ಕೈ ಹಾಕಲಿಲ್ಲ. ಆದರೆ ಬ್ಯಾಕಪ್‌ನಿಂದ ಮತ್ತೆ ತುಂಬಿಸಿದರೆ ಓದಬೇಡ ಗುರುತುಗಳನ್ನು ಮೊದಲು ಹಾಕಬೇಕು ಅಂತ ಗೋಡೆಗೆ ಚೀಟಿ ಅಂಟಿಸಿದ್ದೇನೆ. ಅಲ್ಲೂ ಚೀಟಿಯೇ.

2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆಯ 12ನೇ ಸೆಕ್ಷನ್ ನಮ್ಮ ಮಾಹಿತಿಯನ್ನು ತಿದ್ದಿಸುವ, ಅಳಿಸುವ ಹಕ್ಕು ಕೊಡುತ್ತೆ. ಮನೆಯ ಸ್ವಂತ ಬಳಕೆಗೆ ಆ ಕಾಯ್ದೆ ಹತ್ತುವುದಿಲ್ಲ, ಹಾಗಾಗಿ ಚಿಕ್ಕಪ್ಪ ನನ್ನ ಮೇಲೆ ದೂರು ಕೊಡುವ ಹಾಗಿಲ್ಲ. ಆದರೆ ಈ ಹಕ್ಕನ್ನು ನಿಜವಾಗಿ ನಡೆಸಿಕೊಡುವುದು ಎಂಥ ಕೆಲಸ ಅಂತ ನನಗೆ ಗೊತ್ತಾಗಿದ್ದು ಒಂದು ವಾಕ್ಯದಿಂದ. ಒಂದೇ ಮನೆ, ಒಂದು ಹಳೇ ಲ್ಯಾಪ್‌ಟಾಪ್, ಎಲ್ಲ ಕೋಡೂ ನನ್ನದೇ. ಆದರೂ ಐದು ಸಲ. ನಿಮ್ಮ ಡೇಟಾ ಅಳಿಸಲಾಗಿದೆ ಅಂತ ಎಲ್ಲಿಂದಾದರೂ ಮೇಲ್ ಬಂದರೆ, ಎಷ್ಟು ಸಾಲು, ಎಲ್ಲೆಲ್ಲಿಂದ ಅಂತ ಕೇಳಬೇಕು ಅನ್ನಿಸುತ್ತೆ ಈಗ.

ಯಾರು ಅಳಿಸಬಹುದು ಅನ್ನುವುದನ್ನು ನಾನು ಯೋಚಿಸಿಯೇ ಇರಲಿಲ್ಲ. ಚಿಕ್ಕಪ್ಪನೇ ಕಲಿಸಿದರು. ಯುಗಾದಿಯ ನಂತರ ಸಿಟ್ಟು ಇಳಿದು ಮನೆಗೆ ಬಂದಿದ್ದರು. ಅಮ್ಮ ಕಡುಬು ಮಾಡಿದ್ದರು, ಮೆಣಸಿನ ರೇಟನ್ನೂ ಬಾಯಿಬಿಟ್ಟು ತಾವೇ ಹೇಳಿದರು, ಯಾಕೆ ಮುಚ್ಚಿಟ್ಟದ್ದು ಅಂತಲೂ ಹೇಳಿದರು. "ಅಷ್ಟಕ್ಕಾ ಅತ್ತಿಗೆ, ನಂಗೆ ಅವತ್ತೇ ಪೇಟೆಯಲ್ಲಿ ಗೊತ್ತಾಗಿತ್ತು" ಅಂದರು ಅವರು. ನಾನು ಮರಿ ರೈಟ್ರು ಈಗ ಅಳಿಸುವುದನ್ನು ಕಲಿತಿದೆ ಅಂತ ಜಂಬದಿಂದ ಹೇಳಿದೆ. ಕೂಡಲೇ ಫೋನ್ ತೆಗೆದು "ನಾನು ಕೊಡಬೇಕಾದ ಟಿಲ್ಲರ್ ಬಾಡಿಗೆ ಬಾಕಿ ಅಳಿಸು" ಅಂತ ಹಾಕಿದರು. ಅದು ಸಾಲನ್ನು ಹುಡುಕಿ, ಪಟ್ಟಿ ತೋರಿಸಿ, ಅಳಿಸಲೇ ಅಂತ ಅವರನ್ನೇ ಕೇಳಿತು. ಅವರು ಹೂಂ ಅಂದರು. ಹೋಯಿತು.

ಎಲ್ಲರೂ ನಕ್ಕರು. ಬಾಡಿಗೆ ಎಷ್ಟಿತ್ತು ಅಂತ ದೊಡ್ಡ ರೈಟ್ರ ಪುಸ್ತಕದಲ್ಲಿ ನೋಡಿ ಮತ್ತೆ ಸೇರಿಸಿದೆ. ರೈಟ್ರಿಗೆ ಅವತ್ತು ತುಂಬಾ ಖುಷಿ. ಅವರ ಪುಸ್ತಕದಲ್ಲಿ ಯಾವುದನ್ನೂ ಅಳಿಸುವ ಪದ್ಧತಿಯೇ ಇಲ್ಲ, ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕುತ್ತಾರೆ, ಗೆರೆಯ ಕೆಳಗಿನದು ಓದಲು ಬರುತ್ತೆ. ಲೆಕ್ಕಕ್ಕೆ ಅದೇ ಸರಿ. ಹಾಗಾಗಿ ಈಗ ಎರಡು ವಿಧ ಮಾಡಿದ್ದೇನೆ. ಬಾಕಿ, ಅಡ್ವಾನ್ಸ್, ಮಳೆ ಇವುಗಳನ್ನು ಅಳಿಸಲು ಆಗುವುದಿಲ್ಲ, ಕೆಂಪು ಗೆರೆ ಮಾತ್ರ, ಅದೂ ಅಮ್ಮ ಅಥವಾ ಅಪ್ಪನ ಫೋನಿನಿಂದ. ಮನೆ ಮಾತು ಬೇರೆ. ಯಾರು ಹೇಳಿದರೋ ಅವರು ಅಳಿಸಬಹುದು, ಅಳಿಸಿದರೆ ಗೆರೆಯೂ ಉಳಿಯಬಾರದು.

ಮನೆ ಮಾತು ಅಂದರೆ ಯಾವುದು ಅಂತ ಅಮ್ಮನನ್ನು ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ರೈಟ್ರು ಮಗಳ ಫೀಸಿಗೆ ಅಂತ ತಗೊಂಡ ದುಡ್ಡಿನ ವಿಷಯ ಅದಕ್ಕೆ ಹೇಳಿದ್ದೆ, ಅಡ್ವಾನ್ಸ್ ಅಲ್ಲ ಅದು, ನಾನು ಕೊಟ್ಟದ್ದು, ತೆಗೆದುಬಿಡು ಅಂದರು. ಆಮೇಲೆ ನಿಮ್ಮಪ್ಪನ ಶುಗರ್ ರಿಪೋರ್ಟ್. ಆಮೇಲೆ ನಿನ್ನ ಹೆಣ್ಣು ನೋಡುವ ವಿಷಯ ಯಾರ ಹತ್ತಿರ ಮಾತಾಡಿದ್ದು ಅಂತ ಹೇಳಿಟ್ಟಿದ್ದೆ. ನನಗೇ ಗೊತ್ತಿರಲಿಲ್ಲ ಇದು.

ನಿನ್ನೆ ರಾತ್ರಿ ಮೊದಲನೆಯದನ್ನು ಹುಡುಕಲು ಕೂತೆ. ಹನ್ನೊಂದು ಸಾಲು ಸಿಕ್ಕಿವೆ.